ಮಜ್ಜಿಗೆ ಬರುವ ತನಕ ಯಾರೂ ಏಳಬಾರದು

ಊಟದ ಪಂಕ್ತಿಯಲ್ಲಿ ಯಾರಾದರೂ ನಡುವೆ ಎದ್ದು ನಿಂತರೆ ನನ್ನ ಎದೆ ಇವತ್ತಿಗೂ ಧಸಕ್ಕೆನ್ನುತ್ತದೆ. ಮೊನ್ನೆ ತಂಗಿಯ ಮಗಳ ಸೀಮಂತದಲ್ಲಿ ಪಕ್ಕದಲ್ಲಿ ಕೂತಿದ್ದವರು ಫೋನ್ ಬಂತೆಂದು ಏಳಹೊರಟರು. ನಾನು ಅವರ ಸೆರಗು ಹಿಡಿದೆಳೆದು ಕೂರಿಸಿಬಿಟ್ಟೆ. ಅವರು ಬಾಯಿ ತೆರೆದು ನನ್ನನ್ನೇ ನೋಡಿದರು. ‘ಇವಳು ಅಮೆರಿಕದಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಳು, ಏನೂ ತಿಳ್ಕೋಬೇಡಿ’ ಎಂದು ತಂಗಿ ಸಮಾಧಾನ ಹೇಳಿದಳು. ಕಂಪ್ಯೂಟರಿಗೂ ಸೆರಗಿಗೂ ಏನು ಸಂಬಂಧವೆಂದು ಅವರಿಗೆ ಹೊಳೆಯಲಿಲ್ಲ. ಅದೇ ಕೆಲಸಕ್ಕೆ ಈಗ ಸೇರುತ್ತಿರುವ ನಿಮಗಾದರೂ ತಿಳಿದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಬ್ಯಾಕಪ್ ತೆಗೆಯುವುದು. ಕಚೇರಿಯ ದೊಡ್ಡ ಕಂಪ್ಯೂಟರಿನ ಡಿಸ್ಕಿನಲ್ಲಿ ಇರುವುದನ್ನೆಲ್ಲ ಟೇಪಿಗೆ ನಕಲು ಮಾಡಿ, ಟೇಪನ್ನು ಬೀರುವಿನಲ್ಲಿ ಇಟ್ಟು, ಅದು ಎಂದೂ ಬೇಕಾಗದಿರಲಿ ಎಂದು ಬೇಡಿಕೊಳ್ಳುವುದು. ಇಷ್ಟೇ. ಎಲ್ಲ ಸರಿಯಾಗಿದ್ದರೆ ನೀವೊಬ್ಬರು ಇದ್ದೀರೆಂದು ಯಾರಿಗೂ ಗೊತ್ತಿರುವುದಿಲ್ಲ. ಏನಾದರೂ ಕೆಟ್ಟ ದಿನ ಮಾತ್ರ ಇಡೀ ಕಟ್ಟಡ ನಿಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸುತ್ತದೆ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಷಾರ್ಲೆಟ್‌ನ ಒಂದು ಸಾಲದ ಕಂಪನಿಯಲ್ಲಿದ್ದೆ. ಆಗ ಬ್ಯಾಕಪ್ ತೆಗೆಯಬೇಕಾದರೆ ಎಲ್ಲರೂ ಕಂಪ್ಯೂಟರಿನಿಂದ ಹೊರಗೆ ಬರಬೇಕಿತ್ತು. ಯಾಕೆಂದರೆ ಟೇಪಿಗೆ ನಕಲು ಮಾಡುವುದು ಗಂಟೆಗಟ್ಟಲೆಯ ಕೆಲಸ. ಆ ಹೊತ್ತಿನಲ್ಲಿ ಯಾರಾದರೂ ಬರೆಯುತ್ತಲೇ ಇದ್ದರೆ ಟೇಪಿನ ತಲೆಯಲ್ಲಿ ಹಳೆಯ ಲೆಕ್ಕ, ಬಾಲದಲ್ಲಿ ಹೊಸ ಲೆಕ್ಕ ಕೂತು ಒಂದಕ್ಕೊಂದು ತಾಳೆಯಾಗುವುದಿಲ್ಲ. ಮದುವೆಮನೆಯ ಗ್ರೂಪ್ ಫೋಟೊ ತೆಗೆಯುವಾಗ ಒಬ್ಬ ಮಾವ ಎಡತುದಿಯಿಂದ ಬಲತುದಿಗೆ ಓಡಿದರೆ ಫೋಟೊದಲ್ಲಿ ಇಬ್ಬರು ಮಾವಂದಿರಾದರು ಎಂದುಕೊಳ್ಳಿ. ಹಾಗೆ. ಅದಕ್ಕೇ ನಾನು ಸಂಜೆ ಧ್ವನಿವರ್ಧಕದಲ್ಲಿ, ‘ದಯವಿಟ್ಟು ಎಲ್ಲರೂ ಲಾಗ್ ಆಫ್ ಆಗಿ’ ಎಂದು ಕೂಗುತ್ತಿದ್ದೆ. ಎಲ್ಲರೂ ಆಗುತ್ತಿದ್ದರು, ಒಬ್ಬನ ಹೊರತು. ಆ ಒಬ್ಬ ಕೋಟನ್ನು ಕುರ್ಚಿಗೆ ತೊಡಿಸಿ ಮನೆಗೆ ಹೋಗಿರುತ್ತಿದ್ದ. ದೂರದಿಂದ ನೋಡಿದರೆ ಮನುಷ್ಯ ಕೂತು ಕೆಲಸ ಮಾಡುತ್ತಿರುವಂತೆಯೇ ಕಾಣುತ್ತಿತ್ತು. ಅವನ ಕೋಟಿಗೆ ನಾನು ಎರಡು ಸಲ ‘ಗುಡ್ ಈವನಿಂಗ್’ ಹೇಳಿದ್ದೇನೆ.

ಆಮೇಲೆ ಅಟ್ಲಾಂಟಾದ ಉತ್ತರಕ್ಕಿರುವ ಅಲ್ಫರೆಟಾಕ್ಕೆ ಬಂದೆ. ಅಲ್ಲಿ ಮೊದಲ ಸಲ ಸ್ನ್ಯಾಪ್‌ಶಾಟ್ ಎಂಬುದನ್ನು ನೋಡಿದೆ. ಅದನ್ನು ಹೀಗೆ ತಿಳಿಯಿರಿ. ಮೇಷ್ಟರು ಕರಿಹಲಗೆಯ ಮೇಲೆ ಬರೆದಿದ್ದಾರೆ. ನೀವು ಅದನ್ನು ನಿಧಾನವಾಗಿ ನಕಲು ಮಾಡಬೇಕು, ಆದರೆ ಮೇಷ್ಟರು ಅಳಿಸಿ ಬರೆಯುವುದನ್ನು ನಿಲ್ಲಿಸುವುದಿಲ್ಲ. ಆಗ ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸುತ್ತೀರಿ. ಮೇಷ್ಟರು ಯಾವ ಮೂಲೆ ಅಳಿಸಹೊರಟರೂ, ಅವರು ಮೊದಲು ಅಲ್ಲಿದ್ದದ್ದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳುತ್ತಾರೆ. ನೀವು ಅಳಿಸದ ಜಾಗವನ್ನು ಹಲಗೆ ನೋಡಿ, ಅಳಿಸಿದ್ದನ್ನು ಚೀಟಿ ನೋಡಿ ಬರೆದುಕೊಂಡರೆ, ನೀವು ಶುರುಮಾಡಿದ ಗಳಿಗೆಯಲ್ಲಿ ಹಲಗೆ ಹೇಗಿತ್ತೋ ಹಾಗೆಯೇ ನಿಮ್ಮ ನಕಲು ಸಿಗುತ್ತದೆ. ಮೇಷ್ಟರಿಗೂ ತೊಂದರೆಯಿಲ್ಲ. ಒಂದೇ ಷರತ್ತು: ಚೀಟಿಗಳು ಮುಗಿಯಬಾರದು. ಮುಗಿದರೆ ಸ್ನ್ಯಾಪ್‌ಶಾಟ್ ಸತ್ತಿತು, ಅದರ ಜೊತೆಗೆ ನಿಮ್ಮ ನಕಲೂ ಸತ್ತಿತು. ನಕಲು ಮುಗಿದ ಮೇಲೆ ಚೀಟಿಗಳನ್ನೆಲ್ಲ ಎಸೆದುಬಿಡುತ್ತೀರಿ. ಸ್ನ್ಯಾಪ್‌ಶಾಟ್ ತಾತ್ಕಾಲಿಕ, ಬ್ಯಾಕಪ್ಪಿನ ಹೊತ್ತಿಗೆ ಹುಟ್ಟಿ, ಬ್ಯಾಕಪ್ ಮುಗಿದೊಡನೆ ಇಲ್ಲವಾಗುವಂಥದ್ದು.

ಈ ತಾತ್ಕಾಲಿಕ ಎಂಬುದು ಅರ್ಥವಾಗಲು ನನ್ನ ಸಹೋದ್ಯೋಗಿ ಗೋಪಿಗೆ ಒಂದು ಮಧ್ಯಾಹ್ನ ಬೇಕಾಯಿತು. ಗೋಪಿ ಬೆಂಗಳೂರಿನವನು, ನನಗಿಂತ ಕೆಲವು ವರ್ಷ ಚಿಕ್ಕವನು, ನನ್ನ ಹಾಗೆಯೇ ಕಾಂಟ್ರ್ಯಾಕ್ಟಿನ ಮೇಲೆ ಬಂದವನು. ಸ್ನ್ಯಾಪ್‌ಶಾಟ್ ತೆಗೆದ, ಮೆಷಿನ್ ಯಾಕೋ ನಿಧಾನವಾಯಿತೆಂದು ಅದನ್ನು ಆರಿಸಿ ಮತ್ತೆ ಹಚ್ಚಿದ, ಆಮೇಲೆ ಕನ್ನಡಕ ಕಳೆದುಕೊಂಡವನ ಹಾಗೆ ಹುಡುಕತೊಡಗಿದ.

‘ಎಲ್ಲಿ ಹೋಯ್ತು ವಸುಧಾ? ಇಲ್ಲೇ ಇಟ್ಟಿದ್ದೆ.’

‘ಹೋಗೋಕೆ ಅದು ವಸ್ತು ಅಲ್ಲ ಗೋಪಿ. ಮೆಷಿನ್ ಆರಿಸಿದ್ಯಲ್ಲ, ಚೀಟಿ ಎಲ್ಲಾ ಹಾರೋಯ್ತು.’

‘ಒಂದ್ ಮಾತು ಹೇಳ್ಬೇಕಲ್ವಾ ಅದು?’

‘ಯಾರು, ಸ್ನ್ಯಾಪ್‌ಶಾಟಾ?’

‘ಹೂಂ. ವಾರ್ನಿಂಗ್ ಕೊಡ್ಬೇಕು. ಇದೇನ್ ಕೆಲಸದೋರು ಕೈಕೊಟ್ಟ ಹಾಗೆ.’

ಈ ಗೋಪಿಯೂ ನಾನೂ ಒಟ್ಟಿಗೇ ಮೇರಿಲ್ಯಾಂಡಿನ ರಾಕ್‌ವಿಲ್‌ಗೆ ಬಂದೆವು. ಅಲ್ಲಿನದು ನಲವತ್ತು ಚಿಲ್ಲರೆ ಜನರ ಒಂದು ಪ್ರಯೋಗಾಲಯ. ನನ್ನ ಎದೆ ಧಸಕ್ಕೆನ್ನಲು ಶುರುವಾದದ್ದು ಅಲ್ಲಿಂದ.

ಆ ಪ್ರಯೋಗಾಲಯದ ಜೀವ ಡಾಕ್ಟರ್ ಸರೋಜಾ. ಮೈಸೂರಿನವರು, ಅರವತ್ತರ ದಶಕದ ಕೊನೆಯಲ್ಲಿ ಬಂದವರು. ಬೇರೆಯವರ ಮುಂದೆ ನಾನು ಅವರನ್ನು ಡಾಕ್ಟರ್ ಎನ್ನುತ್ತಿದ್ದೆ, ನಾವಿಬ್ಬರೇ ಇದ್ದಾಗ ಆಂಟಿ. ಮಕ್ಕಳಿಗೆ ಬರುವ ಒಂದು ರಕ್ತದ ಕಾಯಿಲೆಗೆ ಔಷಧ ಪರೀಕ್ಷಿಸುತ್ತಿದ್ದರು. ಒಂದೇ ಗುಂಪಿನ ಮಕ್ಕಳ ರಕ್ತವನ್ನು ಅವು ತೊಟ್ಟಿಲಲ್ಲಿದ್ದಾಗಿನಿಂದ ಶಾಲೆಗೆ ಹೋಗುವವರೆಗೆ ಪರೀಕ್ಷಿಸಿ ಬರೆದಿಟ್ಟ ಅಂಕಿಗಳು ಅವರ ಬಳಿ ಇದ್ದವು. ಹಳೆಯ ಕಾಗದಗಳು ಒಮ್ಮೆ ನೆಲಮಾಳಿಗೆಗೆ ನೀರು ನುಗ್ಗಿದಾಗ ಹೋಗಿದ್ದವು. ಉಳಿದದ್ದೆಲ್ಲ ನಮ್ಮ ಕಂಪ್ಯೂಟರಿನ ಒಂದು ಡಿಸ್ಕಿನಲ್ಲಿತ್ತು. ಅದು ಹೋದರೆ ಮತ್ತೆ ಸಂಪಾದಿಸುವಂತಿರಲಿಲ್ಲ. ಐದು ವರ್ಷದ ಮಗುವಿನ ಮೈಯಿಂದ ಎರಡನೆಯ ವರ್ಷದ ರಕ್ತ ತೆಗೆಯಲು ಯಾರಿಗೂ ಬರುವುದಿಲ್ಲ. ಮುಂದಿನ ವಾರ ಸರ್ಕಾರದವರು ಬಂದು ಆ ಅಂಕಿಗಳನ್ನು ನೋಡುವವರಿದ್ದರು. ಔಷಧ ಬದುಕುವುದೋ ಬಿಡುವುದೋ ಅವರ ಕೈಯಲ್ಲಿತ್ತು.

ನಮ್ಮ ಮೇಲಧಿಕಾರಿ ಹಾರ್ಲನ್. ಸೌತ್ ಕ್ಯಾರೊಲೈನಾದ ಮನುಷ್ಯ. ದೊಡ್ಡ ಮೈ, ನಿಧಾನದ ಮಾತು, ಒಳ್ಳೆಯ ಮನಸ್ಸು. ಅವರು ಹೆದರುತ್ತಿದ್ದದ್ದು ಒಂದೇ ಪದಕ್ಕೆ: ‘ಡೌನ್’. ಸಿಸ್ಟಮ್ ಡೌನ್ ಎಂದು ಯಾರಾದರೂ ಪಿಸುಗುಟ್ಟಿದರೂ ಅವರ ಕತ್ತು ಕೆಂಪಾಗುತ್ತಿತ್ತು. ನಾನು ಸ್ನ್ಯಾಪ್‌ಶಾಟಿನ ಚೀಟಿಗಳಿಗೆ ದೊಡ್ಡದೊಂದು ಡಿಸ್ಕ್ ಕೇಳಿದಾಗ, ‘ಅದು ತಾತ್ಕಾಲಿಕ ಅಂತ ನೀನೇ ಹೇಳಿದೆ. ತಾತ್ಕಾಲಿಕವಾದದ್ದಕ್ಕೆ ಶಾಶ್ವತವಾದ ಡಿಸ್ಕ್ ಯಾಕೆ?’ ಎಂದು ಕೇಳಿ, ಚಿಕ್ಕದೊಂದು ಮೂಲೆ ಕೊಟ್ಟಿದ್ದರು. ತರ್ಕದಲ್ಲಿ ಸೋತವಳು ನಾನು. ಇಂಥ ಮೇಲಧಿಕಾರಿಗಳು ನಿಮಗೂ ಸಿಗುತ್ತಾರೆ. ವಾದ ಮಾಡಬೇಡಿ. ಕೇಳಬೇಕಾದ್ದಕ್ಕಿಂತ ಎರಡರಷ್ಟು ಕೇಳಿ.

ಆ ಶುಕ್ರವಾರ ಬೆಳಿಗ್ಗೆ ಮೆಷಿನ್ ರೂಮಿಗೆ ಕಾಲಿಟ್ಟೆ. ಒಳಗಿನಿಂದ ಒರಳಿನಲ್ಲಿ ಕಲ್ಲುಸಕ್ಕರೆ ಕುಟ್ಟುವಂಥ ಸದ್ದು ಬರುತ್ತಿತ್ತು. ಡಾಕ್ಟರ್ ಸರೋಜಾ ಅವರ ಅಂಕಿಗಳಿದ್ದ ಡಿಸ್ಕ್ ಅದು. ಗೋಪಿ ಕಿವಿ ಹಚ್ಚಿ ಕೇಳಿದ, ಡಾಕ್ಟರು ಎದೆ ನೋಡಿದ ಹಾಗೆ.

‘ಹೇಗಿದೆ?’ ಎಂದೆ.

‘ನೆಂಟ್ರಿಗೆಲ್ಲ ಹೇಳಿ ಕಳಿಸ್ಬೋದು’ ಎಂದ.

ಬೀರುವಿನಲ್ಲಿದ್ದ ಟೇಪುಗಳನ್ನು ತೆಗೆದು ಓದಿಸಿ ನೋಡಿದೆ. ಅವು ನಾವು ಬರುವ ಮುಂಚೆ ಜನ ಬರೆಯುತ್ತಿದ್ದಾಗಲೇ ತೆಗೆದ ಟೇಪುಗಳು; ನಾವು ಬಂದು ಹೆಚ್ಚು ದಿನವಾಗಿರಲಿಲ್ಲ, ನಮ್ಮ ಮೊದಲ ಟೇಪು ಆ ರಾತ್ರಿ ತೆಗೆಯುವುದಿತ್ತು. ಮಗುವಿನ ಹೆಸರು ಒಂದು ಕಡೆ, ರಕ್ತ ಇನ್ನೊಂದು ಮಗುವಿನದು. ಎಲ್ಲ ಟೇಪಿನಲ್ಲೂ ಇಬ್ಬಿಬ್ಬರು ಮಾವಂದಿರು. ಹೊಸ ಡಿಸ್ಕ್ ತರಿಸಲು ಫೋನ್ ಮಾಡಿದರೆ ಸೋಮವಾರ ಬರುತ್ತದೆಂದರು. ಮೆಷಿನ್ ಆರಿಸುವಂತಿರಲಿಲ್ಲ; ಅಂಥ ಡಿಸ್ಕ್ ಒಮ್ಮೆ ತಿರುಗುವುದನ್ನು ನಿಲ್ಲಿಸಿದರೆ ಮತ್ತೆ ಏಳುವುದಿಲ್ಲ. ರಾತ್ರಿಯವರೆಗೆ ಕಾಯುವ ಧೈರ್ಯವೂ ಇರಲಿಲ್ಲ. ಉಳಿದ ದಾರಿ ಒಂದೇ: ಈಗಲೇ ಸ್ನ್ಯಾಪ್‌ಶಾಟ್ ಇಟ್ಟು, ಈಗಲೇ ಟೇಪಿಗೆ ಇಳಿಸುವುದು. ಆದರೆ ಚೀಟಿಗಳಿಗೆ ಇದ್ದ ಮೂಲೆ ಚಿಕ್ಕದು. ನಲವತ್ತು ಜನ ಕೀಬೋರ್ಡ್ ಕುಟ್ಟುತ್ತಿದ್ದರೆ ಟೇಪು ಅರ್ಧ ಆಗುವ ಮುಂಚೆಯೇ ಮೂಲೆ ತುಂಬಿ ಎಲ್ಲವೂ ಹೋಗುತ್ತಿತ್ತು.

ಹಾರ್ಲನ್ ಬಳಿ ಹೋದೆವು. ಎಲ್ಲರನ್ನೂ ಒಂದಿಷ್ಟು ಹೊತ್ತು ನಿಲ್ಲಿಸಿ ಎಂದೆವು. ಅವರ ಕತ್ತು ಕೆಂಪಾಯಿತು. ‘ಸರ್ಕಾರದವರು ಬರುವ ಮುಂಚಿನ ವಾರ ಡೌನ್ ಎಂದು ನಾನು ಹೇಳುವುದಿಲ್ಲ. ಯಾಕೆಂದು ಹೇಳಿದರಂತೂ ಕತೆಯೇ ಮುಗಿಯಿತು. ಸರೋಜಾಗೆ ಗೊತ್ತಾದರೆ ಏನು ಮಾಡುತ್ತಾಳೆ ಗೊತ್ತಲ್ಲ?’

ಗೊತ್ತಿತ್ತು. ಹಿಂದೊಮ್ಮೆ ಕರೆಂಟು ಒಂದು ಕ್ಷಣ ಕಣ್ಣು ಮಿಟುಕಿಸಿದ್ದಕ್ಕೇ ಅವರು ತಮ್ಮ ಫೈಲುಗಳನ್ನು ಕಂಪ್ಯೂಟರಿನ ಸಿಕ್ಕಸಿಕ್ಕ ಜಾಗಕ್ಕೆಲ್ಲ ನಕಲು ಮಾಡಿ, ಇಡೀ ಮೆಷಿನ್ನನ್ನು ಉಸಿರುಗಟ್ಟಿಸಿದ್ದರು. ಡಿಸ್ಕ್ ಸಾಯುತ್ತಿದೆ ಎಂದರೆ ಅವರೇ ಮೊದಲು ಅದರ ಮೇಲೆ ಬೀಳುತ್ತಾರೆ. ಅವರ ಹಿಂದೆ ಉಳಿದ ನಲವತ್ತು ಜನ. ಮುಳುಗುವ ದೋಣಿಯಲ್ಲಿ ಎಲ್ಲರೂ ತಂತಮ್ಮ ಟ್ರಂಕಿಗೆ ಓಡಿದ ಹಾಗೆ. ಹಾರ್ಲನ್ ಹೇಳಿದ್ದು ಈ ಒಂದು ವಿಷಯದಲ್ಲಿ ನಿಜವಾಗಿತ್ತು.

ಹೊರಗೆ ಬಂದು ಕಾರಿಡಾರಿನಲ್ಲಿ ನಿಂತೆವು. ಗೋಪಿ ಗೋಡೆ ನೋಡುತ್ತ ಹೇಳಿದ: ‘ಜನ ತಾವಾಗೇ ಕೀಬೋರ್ಡ್ ಬಿಟ್ಟು ಬರ್ಬೇಕು. ಬಂದೋರು ಬೇಗ ವಾಪಸ್ ಹೋಗ್ಬಾರ್ದು. ಅಂಥದ್ದು ಏನಿದೆ ಹೇಳಿ?’

‘ಫೈರ್ ಅಲಾರ್ಮ್.’

‘ಅದಕ್ಕೆ ಪೊಲೀಸ್ ಬರ್ತಾರೆ. ವೀಸಾ ಇರೋರು ಮಾತಾಡೋ ಮಾತಾ ಅದು?’ ಗೋಡೆ ಬಿಟ್ಟು ನನ್ನ ಕಡೆ ತಿರುಗಿದ. ಆಮೇಲೆ, ‘ನಮ್ಮಮ್ಮ’ ಎಂದ.

ಗೋಪಿಯ ತಾಯಿ ಪದ್ಮಾವತಮ್ಮ ಮಗನನ್ನು ನೋಡಲು ಬೆಂಗಳೂರಿನಿಂದ ಬಂದಿದ್ದರು. ಮರುದಿನ ಅಲ್ಲಿನ ಕನ್ನಡ ಸಂಘದ ಯುಗಾದಿ. ಮಾವಿನಕಾಯಿ ಚಿತ್ರಾನ್ನ, ಹುಳಿ, ಹೋಳಿಗೆ ಎಲ್ಲ ಅವರ ಜವಾಬ್ದಾರಿ. ಅಪಾರ್ಟ್‌ಮೆಂಟಿನಲ್ಲಿ ಹಿಂದಿನ ದಿನದಿಂದಲೇ ಅಡಿಗೆ ನಡೆದಿತ್ತು. ಪಕ್ಕದ ಮನೆಯವರು ಒಗ್ಗರಣೆಯ ಹೊಗೆಗೆ ಎರಡು ಸಲ ಬಾಗಿಲು ತಟ್ಟಿ, ಎರಡು ಸಲವೂ ಹೋಳಿಗೆ ತಿಂದು ಹೋಗಿದ್ದರು. ಮನೆ ಆಫೀಸಿಗೆ ಹತ್ತಿರವೇ ಇತ್ತು.

ಫೋನಿನಲ್ಲಿ ಗೋಪಿ ಹೇಳಿದ್ದು ನನಗೆ ಈಗಲೂ ನೆನಪಿದೆ.

‘ಅಮ್ಮಾ, ಆಫೀಸಲ್ಲಿ ಎಲ್ಲರಿಗೂ ಊಟ ಹಾಕ್ಬೇಕು. ಇವತ್ತೇ. ಮಧ್ಯಾಹ್ನಕ್ಕೆ… ಹೂಂ, ನಾಳೆ ಸಂಘದೋರಿಗೆ ಪೀಟ್ಜಾ ತರಿಸ್ತೀನಿ… ಬೈದ್ರೆ ಬೈಲಿ ಬಿಡಮ್ಮ. ಆದ್ರೆ ಒಂದ್ ವಿಷಯ. ಕೂತೋರು ಏಳಬಾರ್ದು… ಏನಿಲ್ಲ, ಒಂದು ಟೇಪ್ ಓಡ್ತಿರುತ್ತೆ, ಅದು ಮುಗಿಯೋ ತನಕ… ಎಷ್ಟು ಹೊತ್ತು ಅಂದ್ರೆ… ಮದ್ವೆ ಊಟದಷ್ಟು ಹೊತ್ತು.’

ಫೋನ್ ಇಟ್ಟ. ‘ಏನಂದ್ರು?’ ಎಂದೆ.

‘ಗಂಡಿನ ಕಡೆಯೋರೋ ಹೆಣ್ಣಿನ ಕಡೆಯೋರೋ ಅಂತ ಕೇಳಿದ್ರು.’

‘ನೀನೇನಂದೆ?’

‘ಗಂಡಿನ ಕಡೆ ಅಂದೆ. ಉಪಚಾರ ಜಾಸ್ತಿ ಬೇಕಲ್ಲ.’

ಹಾರ್ಲನ್ ಅವರಿಗೆ, ನಮ್ಮ ಹೊಸ ವರ್ಷ, ಎಲ್ಲರಿಗೂ ಊಟ ಎಂದೆವು. ‘ಇದು ಡೌನ್ ಅಲ್ಲ ತಾನೆ?’ ಎಂದರು. ‘ಅಲ್ಲ, ಲಂಚ್’ ಎಂದೆವು. ಕತ್ತಿನ ಬಣ್ಣ ಇಳಿಯಿತು. ತಾವೇ ಎಲ್ಲರಿಗೂ ಕರೆ ಕೊಟ್ಟರು.

ಪದ್ಮಾವತಮ್ಮ ಬಂದು ಊಟದ ಕೋಣೆಯನ್ನು ಒಮ್ಮೆ ನೋಡಿದರು. ಅಲ್ಲಲ್ಲಿ ದುಂಡುಮೇಜುಗಳು. ‘ಇದೇನು, ಒಬ್ಬೊಬ್ಬರು ಒಂದೊಂದ್ ದಿಕ್ಕಿಗೆ ಕೂತ್ರೆ ಯಾರು ತಿಂದ್ರು ಯಾರು ಬಿಟ್ರು ಅಂತ ಹೇಗ್ ಗೊತ್ತಾಗ್ಬೇಕು?’ ಎಂದು ಮೇಜುಗಳನ್ನೆಲ್ಲ ಎರಡು ಸಾಲಾಗಿ ಜೋಡಿಸಿದರು. ಕಾಗದದ ತಟ್ಟೆಗಳನ್ನು ಹಾಕಿದರು. ಗೋಪಿಯನ್ನು ಕರೆದು, ‘ಇವರಿಗೆ ಇಂಗ್ಲಿಷಲ್ಲಿ ಹೇಳು. ಪಂಕ್ತಿಯಲ್ಲಿ ಒಬ್ಬರು ಎದ್ರೆ ಉಳಿದೋರ ಊಟ ಕೆಡುತ್ತೆ. ಮಜ್ಜಿಗೆ ಬರೋ ತನಕ ಯಾರೂ ಏಳಬಾರ್ದು. ಎಲ್ಲರಿಗಿಂತ ನಿಧಾನಕ್ಕೆ ತಿನ್ನೋರ್ದು ಮುಗಿದ ಮೇಲೆ ಎಲ್ಲಾ ಒಟ್ಟಿಗೆ’ ಎಂದರು.

ಗೋಪಿ ಹೇಳಿದ. ಜನ ಗಂಭೀರವಾಗಿ ತಲೆಯಾಡಿಸಿದರು. ಬೇರೆ ದೇಶದ ಆಚಾರವೆಂದರೆ ಅಲ್ಲಿನವರು ನಮಗಿಂತ ಕಟ್ಟುನಿಟ್ಟು.

ಎಲ್ಲರೂ ಕೂತದ್ದನ್ನು ನೋಡಿ ನಾನು ಎದುರಿನ ಮೆಷಿನ್ ರೂಮಿಗೆ ಓಡಿದೆ, ಸ್ನ್ಯಾಪ್‌ಶಾಟ್ ಇಟ್ಟೆ, ಟೇಪು ಹಚ್ಚಿದೆ, ಗೋಪಿಯನ್ನು ಅದರ ಮುಂದೆ ಕೂರಿಸಿದೆ. ವಾಪಸ್ ಬಂದು ಹುಳಿಯ ಬಕೆಟ್ ಹಿಡಿದೆ. ಕೋಣೆಯ ಬಾಗಿಲಿನಿಂದ ಗೋಪಿಯ ಮುಖ ಕಾಣುತ್ತಿತ್ತು. ಅವನು ಅಂಗೈ ಕೆಳಗೆ ಮಾಡಿದರೆ ನಿಧಾನ ಬಡಿಸಿ ಎಂದು, ಎರಡು ಕೈ ತಲೆಯ ಮೇಲಿಟ್ಟರೆ ಚೀಟಿಯ ಮೂಲೆ ತುಂಬುತ್ತಿದೆ ಎಂದು ಗೊತ್ತುಮಾಡಿಕೊಂಡಿದ್ದೆವು.

ಉಪ್ಪು ಬಂತು. ಉಪ್ಪಿನಕಾಯಿ ಬಂತು. ಎರಡು ಬಗೆಯ ಕೋಸಂಬರಿ ಬೇರೆಬೇರೆಯಾಗಿ ಬಂತು. ಚಿತ್ರಾನ್ನ ಬಂತು. ಪದ್ಮಾವತಮ್ಮ ಒಂದೊಂದನ್ನೂ ಸಾಲಿನ ಈ ತುದಿಯಿಂದ ಆ ತುದಿಗೆ ತಾವೇ ಬಡಿಸಿ, ಖಾಲಿ ಪಾತ್ರೆಯನ್ನು ಒಳಗಿಟ್ಟು, ಸೆರಗಿನಿಂದ ಕೈ ಒರೆಸಿಕೊಂಡು, ಆಮೇಲೆ ಮುಂದಿನದ್ದನ್ನು ತರುತ್ತಿದ್ದರು. ಅಷ್ಟರಲ್ಲಿ ಗೋಪಿಯ ಎರಡೂ ಕೈ ತಲೆಯ ಮೇಲೆ ಹೋದವು.

ಯಾರೋ ಬರೆಯುತ್ತಿದ್ದಾರೆ. ಓಡಿಹೋಗಿ ನೋಡಿದರೆ, ಊಟಕ್ಕೆ ಬಾರದೆ ತನ್ನ ಮೇಜಿನಲ್ಲೇ ಕೂತಿದ್ದ ಒಬ್ಬ ಟೆಕ್ನಿಷಿಯನ್, ಒಂದು ಕೈಯಲ್ಲಿ ಸ್ಯಾಂಡ್‌ವಿಚ್ ಹಿಡಿದು ಇನ್ನೊಂದರಲ್ಲಿ ಅಂಕಿಗಳನ್ನು ತುಂಬುತ್ತಿದ್ದಾನೆ. ಏನು ಹೇಳಲಿ? ಹಿಂದಿನಿಂದ ಪದ್ಮಾವತಮ್ಮನೇ ಬಂದರು. ‘ಪಾಪ, ಒಬ್ಬನೇ ಕೂತಿದಾನೆ’ ಎಂದು ಸ್ಯಾಂಡ್‌ವಿಚ್ ತೆಗೆದು ಪಕ್ಕಕ್ಕಿಟ್ಟು, ಅವನ ಎರಡೂ ಅಂಗೈಗೆ ಒಂದೊಂದು ಬಿಸಿ ಹೋಳಿಗೆ ಇಟ್ಟು, ಮೇಲೆ ತುಪ್ಪ ಸುರಿದರು. ತುಪ್ಪ ಮೊಣಕೈಯವರೆಗೆ ಇಳಿಯಿತು. ಅವನು ಕೀಬೋರ್ಡನ್ನೂ ತನ್ನ ಕೈಗಳನ್ನೂ ನೋಡಿಕೊಂಡು ಅಸಹಾಯಕನಾಗಿ ತಿನ್ನತೊಡಗಿದ. ಅಷ್ಟು ಪರಿಣಾಮಕಾರಿಯಾದ ಲಾಗ್ ಆಫ್ ವಿಧಾನವನ್ನು ನನ್ನ ವೃತ್ತಿಯಲ್ಲಿ ನಾನು ಮತ್ತೆ ಕಂಡಿಲ್ಲ.

ವಾಪಸ್ ಬಂದರೆ ಇನ್ನೂ ದೊಡ್ಡ ಗಂಡಾಂತರ. ಡಾಕ್ಟರ್ ಸರೋಜಾ ಆಗಲೇ ಚಿತ್ರಾನ್ನ ಮುಗಿಸಿದ್ದರು. ಅವರು ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ನಿಂತುಕೊಂಡೇ ಮಧ್ಯಾಹ್ನದ ಊಟ ಮಾಡಿದವರು. ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ನನ್ನನ್ನು ಕರೆದರು.

‘ವಸುಧಾ, ಊಟ ಚೆನ್ನಾಗಿತ್ತು. ನಾನು ಹೊರಡ್ತೀನಿ. ಮರುಲೆಕ್ಕ ಹಾಕೋದಿದೆ.’

ಮರುಲೆಕ್ಕ ಎಂದರೆ ಅವರ ಒಂದು ಪ್ರೋಗ್ರಾಮ್. ಅದು ಎಲ್ಲ ಮಕ್ಕಳ ಎಲ್ಲ ಫೈಲುಗಳನ್ನೂ ತೆರೆದು, ಪ್ರತಿಯೊಂದನ್ನೂ ಅಳಿಸಿ ಹೊಸದಾಗಿ ಬರೆಯುತ್ತದೆ. ಮೇಷ್ಟರು ಒಂದೇ ಸಲಕ್ಕೆ ಇಡೀ ಹಲಗೆ ಒರೆಸಿದ ಹಾಗೆ. ಅದನ್ನು ಶುರುಮಾಡಿದರೆ ನಮ್ಮ ಚೀಟಿಯ ಮೂಲೆ ನಿಮಿಷಗಳಲ್ಲಿ ತುಂಬಿ, ಸ್ನ್ಯಾಪ್‌ಶಾಟ್ ಸತ್ತು, ಟೇಪು ಕಸವಾಗುತ್ತಿತ್ತು. ಆ ದುಡಿತಕ್ಕೆ ಡಿಸ್ಕೂ ಪ್ರಾಣ ಬಿಡುತ್ತಿತ್ತು. ಅವರ ಅಂಕಿಗಳನ್ನು ಅವರ ಕೈಯಿಂದಲೇ ಕಾಪಾಡಬೇಕಾಗಿತ್ತು. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿದ ಸದ್ದು ನನಗೆ ಇವತ್ತಿಗೂ ನಿದ್ದೆಯಲ್ಲಿ ಕೇಳಿಸುತ್ತದೆ.

‘ಆಂಟಿ, ಇನ್ನೂ ಹುಳಿ ಬಂದಿಲ್ಲ’ ಎಂದೆ. ಬಕೆಟ್ ನನ್ನ ಕೈಯಲ್ಲೇ ಇತ್ತು.

‘ಸಾಕಮ್ಮ. ಹೊಟ್ಟೆ ತುಂಬಿದೆ.’

ಪದ್ಮಾವತಮ್ಮ ಬಂದು ನಿಂತರು. ‘ಚಿತ್ರಾನ್ನಕ್ಕೇ ಹೊಟ್ಟೆ ತುಂಬುತ್ತೇನ್ರೀ? ಕೂತ್ಕೊಳ್ಳಿ.’

‘ಇಲ್ಲ, ನನಗೆ ಶುಗರ್ ಇದೆ.’

‘ಅಯ್ಯೋ, ಮೊದ್ಲೇ ಹೇಳಬಾರ್ದಾ? ಹಾಗಾದ್ರೆ ಹೋಳಿಗೆ ಒಂದೇ.’

‘ಒಂದೂ ಬೇಡ.’ ಡಾಕ್ಟರ್ ಸರೋಜಾ ತಟ್ಟೆಯ ಮೇಲೆ ಎರಡೂ ಕೈ ಅಡ್ಡ ಹಿಡಿದರು. ಎಷ್ಟೇ ವರ್ಷ ಅಮೆರಿಕದಲ್ಲಿದ್ದರೂ ಆ ವರಸೆ ಮರೆತಿರಲಿಲ್ಲ. ಪದ್ಮಾವತಮ್ಮನೂ ಬಲ್ಲವರೇ. ಬೆರಳುಗಳ ಸಂದಿನಲ್ಲಿ ಒಂದು ಚಮಚ ಪಲ್ಯ ಜಾರಿಸಿದರು. ಎಲ್ಲರೂ ತಿನ್ನುವುದನ್ನು ನಿಲ್ಲಿಸಿ ನೋಡತೊಡಗಿದರು. ಹಾರ್ಲನ್ ನನ್ನ ಕಡೆ ಬಾಗಿ, ‘ಇವರಿಬ್ಬರೂ ಜಗಳ ಆಡುತ್ತಿದ್ದಾರಾ?’ ಎಂದು ಕೇಳಿದರು. ‘ಇಲ್ಲ, ಮರ್ಯಾದೆ ಮಾಡುತ್ತಿದ್ದಾರೆ’ ಎಂದೆ.

ಆದರೂ ಡಾಕ್ಟರ್ ಸರೋಜಾ ಎದ್ದೇ ನಿಂತರು. ಬಾಗಿಲಾಚೆ ಗೋಪಿ ಅಂಗೈ ಕೆಳಗೆ ಮಾಡಿ ಮಾಡಿ ಗಾಳಿಗೆ ತಟ್ಟುತ್ತಿದ್ದ. ನಾನು ನಿಜ ಹೇಳಿಬಿಡಲು ಬಾಯಿ ತೆರೆದೆ. ಅಷ್ಟರಲ್ಲಿ ಪದ್ಮಾವತಮ್ಮ ಹೊರಟವರನ್ನು ಬಾಗಿಲಲ್ಲಿ ತಡೆದು ಕೇಳುವ ಆ ಮಾಮೂಲಿ ಪ್ರಶ್ನೆ ಕೇಳಿದರು.

‘ನಿಮ್ಮದು ಯಾವೂರು?’

‘ಮೈಸೂರು’ ಎಂದರು ಡಾಕ್ಟರ್, ನಿಂತುಕೊಂಡೇ.

‘ಮೈಸೂರಲ್ಲಿ ಎಲ್ಲಿ?’

‘ಲಕ್ಷ್ಮೀಪುರಂ.’

‘ಯಾರ ಪೈಕಿ?’

ಡಾಕ್ಟರ್ ತಂದೆಯ ಹೆಸರು ಹೇಳಿದರು. ಪದ್ಮಾವತಮ್ಮ ಸೌಟು ಕೆಳಗಿಟ್ಟರು.

‘ಸಂಸ್ಕೃತದ ಮೇಷ್ಟರು? ಮನೆ ಮುಂದೆ ಸಂಪಿಗೆ ಮರ? ನಮ್ಮ ಚಿಕ್ಕಪ್ಪನ ಮಗಳನ್ನ ಎದುರುಮನೆಗೆ ಕೊಟ್ಟಿತ್ತು ಕಣ್ರೀ. ಜಾನಕಿ ಅಂತ. ಹಲ್ಲು ಸ್ವಲ್ಪ ಮುಂದೆ.’

‘ಜಾನಕಿನಾ?’ ಡಾಕ್ಟರ್ ಸರೋಜಾ ಕೂತರು. ‘ಜಾನಕಿ ನಿಮಗೆ…? ಅವಳು ನಮ್ಮ ಸಂಪಿಗೆ ಕದೀತಿದ್ಲು.’

‘ಈಗ್ಲೂ ಕದೀತಾಳೆ. ಬೇರೆಯೋರ ಮನೇದು.’

ಆಮೇಲೆ ಅವರಿಬ್ಬರೂ ಮಾತಾಡಿದ್ದನ್ನು ನಾನು ಪೂರ್ತಿ ಕೇಳಲಿಲ್ಲ. ಹುಳಿ ಬಡಿಸುತ್ತ ಹೋದೆ. ಸಾಲಿನ ಕೊನೆಗೆ ಹೋಗಿ ತಿರುಗಿದಾಗ ಡಾಕ್ಟರ್ ಸರೋಜಾ ಅನ್ನಕ್ಕೆ ಹುಳಿ ಕಲಸುತ್ತಿದ್ದರು, ಚಮಚ ಪಕ್ಕಕ್ಕಿಟ್ಟು, ಕೈಯಿಂದ. ಎದುರುಮನೆಯ ಜಾನಕಿಯಿಂದ ಹಿಂದಿನ ಬೀದಿಯ ಯಾರೋ ಶಾಮಣ್ಣನಿಗೆ, ಶಾಮಣ್ಣನಿಂದ ಅವನ ಎರಡನೆಯ ಮದುವೆಗೆ ಮಾತು ಹೋಗಿತ್ತು. ಡಾಕ್ಟರನ್ನು ಯಾರ ಪೈಕಿ ಎಂದು ಕೇಳಿದವರು ರಾಕ್‌ವಿಲ್‌ನಲ್ಲಿ ಅದುವರೆಗೆ ಯಾರೂ ಇರಲಿಲ್ಲವೆಂದು ಕಾಣುತ್ತದೆ.

ಗೋಪಿ ಬಾಗಿಲಿಗೇ ಬಂದ. ‘ವಸುಧಾ, ಇನ್ನೊಂದು ಟೇಪ್ ಕೇಳ್ತಿದೆ. ಬೀರು ಕೀ ನಿಮ್ಮ ಹತ್ರ ಇದೆ.’

ಬಕೆಟ್ ಹಿಡಿದೇ ಓಡಿದೆ. ಸೌಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬೀರು ತೆಗೆದೆ, ಎರಡನೆಯ ಟೇಪು ತುರುಕಿದೆ. ಚೀಟಿಯ ಮೂಲೆ ಮುಕ್ಕಾಲು ದಾಟಿತ್ತು. ಪ್ರಯೋಗಾಲಯದ ಯಂತ್ರಗಳು ಊಟಕ್ಕೆ ಕೂರುವುದಿಲ್ಲವಲ್ಲ, ಅವು ತಮ್ಮ ಪಾಡಿಗೆ ಅಂಕಿ ಕಳಿಸುತ್ತಲೇ ಇದ್ದವು. ಡಿಸ್ಕಿನ ಸದ್ದು ಈಗ ಕಲ್ಲುಸಕ್ಕರೆಯಿಂದ ಜಲ್ಲಿಕಲ್ಲಿಗೆ ಇಳಿದಿತ್ತು. ನನ್ನ ಕುಪ್ಪಸದ ಮೇಲೆಲ್ಲ ಹುಳಿ. ಗೋಪಿ ಕಣ್ಣು ಮುಚ್ಚಿ ಏನೋ ಹೇಳಿಕೊಳ್ಳುತ್ತಿದ್ದ. ‘ಯಾವ ಸ್ತೋತ್ರ?’ ಎಂದೆ. ‘ಸ್ತೋತ್ರ ಅಲ್ಲ. ಸಂಘದ ಪ್ರೆಸಿಡೆಂಟ್ ಹತ್ರ ನಾಳೆ ಹೇಳೋ ಸುಳ್ಳು ಪ್ರ್ಯಾಕ್ಟೀಸ್ ಮಾಡ್ತಿದೀನಿ’ ಎಂದ.

ಮರಳಿ ಬಂದರೆ ಪಂಕ್ತಿ ಮುಗಿಯುವ ಹಂತದಲ್ಲಿತ್ತು. ಎಲ್ಲರ ತಟ್ಟೆ ಖಾಲಿ. ಡಾಕ್ಟರ್ ಸರೋಜಾ ಗಡಿಯಾರ ನೋಡಿದರು. ನಾನು ಪದ್ಮಾವತಮ್ಮನ ಕಿವಿಯಲ್ಲಿ, ‘ಇನ್ನೂ ಆಗಿಲ್ಲ’ ಎಂದೆ. ಅವರು ಸಾಲನ್ನೊಮ್ಮೆ ನೋಡಿ, ನೇರವಾಗಿ ಹಾರ್ಲನ್ ಬಳಿ ಹೋದರು. ಎಲ್ಲರಿಗಿಂತ ನಿಧಾನಕ್ಕೆ ತಿನ್ನುವವರು ಅವರೇ ಎಂದು ಆಗಲೇ ಗುರುತಿಸಿಟ್ಟಿದ್ದರು. ಒಂದು ಮಾತೂ ಆಡದೆ ಅವರ ತಟ್ಟೆಗೆ ಗೋಪುರದಂತೆ ಅನ್ನ ಹಾಕಿ, ನಡುವೆ ಗುಂಡಿ ಮಾಡಿ, ಹುಳಿ ತುಂಬಿ, ಪಕ್ಕದಲ್ಲಿ ಎರಡು ಹೋಳಿಗೆ ಇಟ್ಟರು.

ಹಾರ್ಲನ್ ಆ ಗೋಪುರ ನೋಡಿದರು. ಪದ್ಮಾವತಮ್ಮನನ್ನು ನೋಡಿದರು. ‘ನಮ್ಮ ಅಜ್ಜಿಯೂ ಹೀಗೇ’ ಎಂದು ಮೆಲ್ಲಗೆ ಹೇಳಿ, ಟೈ ಬಿಚ್ಚಿ ಜೇಬಿನಲ್ಲಿಟ್ಟುಕೊಂಡರು. ನಲವತ್ತು ಜನ ಕೈಕಟ್ಟಿ ಕೂತು ಒಬ್ಬರು ತಿನ್ನುವುದನ್ನು ನೋಡಿದರು. ಒಬ್ಬರೂ ಏಳಲಿಲ್ಲ. ಒಬ್ಬರು ಎದ್ದರೆ ಉಳಿದವರ ಊಟ ಕೆಡುತ್ತದೆಂದು ಗೋಪಿ ಹೇಳಿದ್ದನಲ್ಲ. ಡಾಕ್ಟರ್ ಸರೋಜಾ ಮಾತ್ರ ಮೇಜಿನ ಮೇಲೆ ಬೆರಳು ಬಡಿಯುತ್ತಿದ್ದರು. ಆ ಬೆರಳಿಗೊಂದು, ಡಿಸ್ಕಿಗೊಂದು ಕಿವಿ ಕೊಟ್ಟು ನಾನು ಬಾಗಿಲಲ್ಲಿ ನಿಂತಿದ್ದೆ. ಹಾರ್ಲನ್ ಕೊನೆಯ ಹೋಳಿಗೆಯ ಕೊನೆಯ ತುಂಡನ್ನು ಬಾಯಿಗಿಡುವ ಹೊತ್ತಿಗೆ, ಎದುರು ಕೋಣೆಯಿಂದ ಗೋಪಿ ಹೊರಗೆ ಬಂದು, ಟೇಪನ್ನು ಎದೆಗವುಚಿಕೊಂಡು, ತಾಯಿಗೆ ತಲೆಯಾಡಿಸಿದ.

‘ಮಜ್ಜಿಗೆ ತರ್ತೀನಿ’ ಎಂದರು ಪದ್ಮಾವತಮ್ಮ.

ಆ ಟೇಪುಗಳನ್ನು ಓದಿಸಿ ನೋಡಿದೆ. ಎಲ್ಲ ಮಾವಂದಿರೂ ತಂತಮ್ಮ ಜಾಗದಲ್ಲಿ ಒಬ್ಬೊಬ್ಬರೇ ಇದ್ದರು. ಸ್ನ್ಯಾಪ್‌ಶಾಟನ್ನು ತೆಗೆದುಹಾಕಿದೆ. ಮರುದಿನ ಸಂಘದ ಯುಗಾದಿಯಲ್ಲಿ ಜನ ಸಿಟ್ಟಿನಿಂದ ಪೀಟ್ಜಾ ತಿನ್ನುತ್ತಿದ್ದಾಗ ನನ್ನ ಪೇಜರ್ ಬಡಿದುಕೊಂಡಿತು. ಡಿಸ್ಕ್ ತೀರಿಕೊಂಡಿತ್ತು.

ಸೋಮವಾರ ಹೊಸ ಡಿಸ್ಕ್ ಬಂತು. ಟೇಪಿನಿಂದ ಎಲ್ಲವನ್ನೂ ಅದಕ್ಕೆ ಇಳಿಸಿದೆವು. ಆಗ ಹಾರ್ಲನ್ ನಿಜ ಹೇಳಲೇಬೇಕಾಯಿತು, ಹೇಳಿದರು. ಡಾಕ್ಟರ್ ಸರೋಜಾ ತಮ್ಮ ಫೈಲುಗಳನ್ನು ಒಂದೊಂದಾಗಿ ತೆರೆದು ನೋಡಿದರು. ಒಂದೊಂದು ಮಗುವಿನ ಹೆಸರು ಬಂದಾಗಲೂ ಅವರ ತುಟಿ ಅಲುಗುತ್ತಿತ್ತು. ಕೊನೆಯದನ್ನು ಮುಚ್ಚಿ, ಮತ್ತೆ ಮೊದಲನೆಯದನ್ನು ತೆರೆದರು.

ಒಂದು ಕೆಲಸ ಉಳಿದಿತ್ತು. ಟೇಪಿನಲ್ಲಿದ್ದದ್ದು ಶುಕ್ರವಾರ ಊಟಕ್ಕೆ ಕೂತ ಗಳಿಗೆಯ ಚಿತ್ರ. ಊಟದ ನಂತರ ಯಾರು ಏನು ಬರೆದಿದ್ದರೂ ಅದು ಹೋಗಿರುತ್ತದೆ. ಅದನ್ನೆಲ್ಲ ಮತ್ತೆ ತುಂಬಬೇಕು. ಯಂತ್ರಗಳು ಅಳೆದಿದ್ದ ರಕ್ತ ಫ್ರಿಜ್ಜಿನಲ್ಲಿತ್ತು, ಅದನ್ನು ಮತ್ತೆ ಅಳೆಯಬಹುದಿತ್ತು. ಉಳಿದವರನ್ನು ವಿಚಾರಿಸಲು ನಾನು ಮೇಜಿನಿಂದ ಮೇಜಿಗೆ ಹೋದೆ. ಶುಕ್ರವಾರ ಮಧ್ಯಾಹ್ನ ಏನೇನು ಎಂಟ್ರಿ ಮಾಡಿದಿರಿ ಎಂದು ಕೇಳಿದೆ. ಒಬ್ಬರು ಪೆನ್ಸಿಲ್ ಮಸೆಯತೊಡಗಿದರು. ಒಬ್ಬರು ಮೀಟಿಂಗ್ ಇತ್ತೆಂದರು. ಯಾವ ಮೀಟಿಂಗ್ ಎಂದರೆ ಕಿಟಕಿ ನೋಡಿದರು. ತುಪ್ಪದ ಟೆಕ್ನಿಷಿಯನ್, ‘ನೆನಪಿಲ್ಲ, ಆದರೆ ಬಹಳ ಚೆನ್ನಾಗಿತ್ತು’ ಎಂದ. ಹಾರ್ಲನ್ ಬಾಗಿಲು ಹಾಕಿಕೊಂಡಿದ್ದರಂತೆ, ಸೋಫಾ ಇರುವ ಕೋಣೆ ಅವರದೊಂದೇ.

ಕೊನೆಗೆ ಡಾಕ್ಟರ್ ಸರೋಜಾ ಅವರ ಕೋಣೆಗೆ ಹೋದೆ. ನನಗಿದ್ದ ಅಂಜಿಕೆ ಅವರದೇ. ಊಟ ಮುಗಿದೊಡನೆ ಮರುಲೆಕ್ಕ ಹಾಕಿ, ಸಂಜೆಯವರೆಗೆ ಕೂತು ತಿದ್ದಿರುತ್ತಾರೆ. ಅದಷ್ಟೂ ಹೋಯಿತು ಎಂದುಕೊಂಡಿದ್ದೆ.

‘ಆಂಟಿ, ಶುಕ್ರವಾರ ಊಟ ಆದ್ಮೇಲೆ ನೀವು ಮಾಡಿದ್ದೆಲ್ಲ ಮತ್ತೆ ಮಾಡ್ಬೇಕಾಗುತ್ತೆ. ಏನೇನು ಅಂತ ಹೇಳಿದ್ರೆ ನಾನೂ ಕೂತ್ಕೊಂಡು ಹೆಲ್ಪ್ ಮಾಡ್ತೀನಿ.’

ಅವರು ಎದ್ದು ಹೋಗಿ ಬಾಗಿಲು ಮುಚ್ಚಿ ಬಂದರು. ಕನ್ನಡಕ ತೆಗೆದು ಒರೆಸಿದರು.

‘ಏನೂ ಹೋಗಿಲ್ಲ ವಸುಧಾ’ ಎಂದರು. ‘ಮೇಜಿನ ಮೇಲೆ ಹೀಗೆ ತಲೆ ಇಟ್ಟೆ. ಏಳೋ ಹೊತ್ತಿಗೆ ಕಸ ಗುಡಿಸೋರು ಬಂದಿದ್ರು.’